ಇಸಿಜಿಗೆ ಓಡುವ ಮೊದಲು ಟೇಪು ಹಿಡಿಯಿರಿ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಹೆದರಿದವರಿಗೆಲ್ಲ ಒಂದು ಇಸಿಜಿ ಆಗಿಬಿಟ್ಟರೆ ಸಮಾಧಾನ. ಆದರೆ ಇಸಿಜಿ ಹೇಳುವುದು ಹೃದಯದ ಈ ಹೊತ್ತಿನ ಸ್ಥಿತಿ ಮಾತ್ರ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತಿದ್ದರೂ ಇಸಿಜಿ ನಾರ್ಮಲ್ ಬರಬಹುದು. ಮುಂದಿನ ಅಪಾಯ ಅಂದಾಜು ಮಾಡಲು ದರ್ಜಿಯ ಟೇಪು, ಬಿಪಿ ಯಂತ್ರ ಮತ್ತು ಸ್ವಲ್ಪ ರಕ್ತ ಬೇಕು. ಆ ಅಪಾಯ ತಗ್ಗಿಸುವ ಕೆಲಸ ಹೆಚ್ಚಾಗಿ ಅಡುಗೆಮನೆಯಲ್ಲೇ ನಡೆಯುತ್ತದೆ.

ಮೊದಲು ಹೊಟ್ಟೆ ಅಳೆಯಿರಿ

ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಭಾರತೀಯರ ಮಿತಿ. ಪ್ಯಾಂಟಿನ ಸೈಜನ್ನು ನಂಬಬೇಡಿ. ಹೊಟ್ಟೆಯ ಕೆಳಗೆ ಬೆಲ್ಟ್ ಬಿಗಿಯುವವರೇ ಜಾಸ್ತಿ.

‘ನಾನು ದಪ್ಪ ಇಲ್ಲವಲ್ಲ’ ಎನ್ನುವವರಿಗೆ ಒಂದು ಪ್ರಸಂಗ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯೂಡ್ಕಿನ್ 2004ರಲ್ಲಿ ತಮ್ಮಿಬ್ಬರ ಅಳತೆಯನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಕೂಡ 22.3. ದೇಹದ ಕೊಬ್ಬು ಮಾತ್ರ ಬ್ರಿಟಿಷರಿಗೆ ಶೇ 9.1, ನಮ್ಮವರಿಗೆ ಶೇ 21.2! ತೆಳ್ಳಗೆ ಕಂಡರೂ ಒಳಗೆ ಕೊಬ್ಬು ತುಂಬಿಕೊಳ್ಳುವುದು ನಮ್ಮ ಮೈಯ ಗುಣ. ಹೊಟ್ಟೆಯೊಳಗಿನ ಆ ಕೊಬ್ಬಿನಿಂದ ಕೊಬ್ಬಿನಾಮ್ಲಗಳು ನೇರ ಯಕೃತ್ತಿಗೆ ಹರಿಯುತ್ತವೆ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ಯಕೃತ್ತು ಕೇಳದಾಗುತ್ತದೆ. ಸಕ್ಕರೆ ಏರುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ. ಶುಗರ್ ಮತ್ತು ಹಾರ್ಟ್ ಕಾಯಿಲೆ ಜೊತೆಯಾಗಿ ಬರುವುದು ಇದಕ್ಕೇ.

ಆಮೇಲೆ ರಕ್ತ, ಬಿಪಿ

30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಮಿ.ಗ್ರಾಂ./ಡಿ.ಎಲ್., ಅಥವಾ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೀರಿ ಎಂದರ್ಥ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೀಗೆ ಹೊಸ್ತಿಲಲ್ಲಿ ನಿಂತವರು 13.6 ಕೋಟಿ, ಒಳಗೆ ಹೋದವರು 10.1 ಕೋಟಿ. ಕೊಲೆಸ್ಟರಾಲ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿಕೊಳ್ಳಿ.

ಊಟದ ಕ್ರಮ ಬದಲಿಸಿ

ನಮ್ಮ ತೊಂದರೆ ಇರುವುದು ಸಿಹಿತಿಂಡಿಗಿಂತ ಹೆಚ್ಚಾಗಿ ಅನ್ನದ ಸೌಟಿನಲ್ಲಿ. ಹುಳಿಗೆ ಒಂದು ಸಲ, ಸಾರಿಗೆ ಇನ್ನೊಂದು ಸಲ, ಮೊಸರಿಗೆ ಮತ್ತೊಂದು ಸಲ ಬಡಿಸಿಕೊಂಡರೆ ಆಯಿತು, ಹೊಟ್ಟೆಯಲ್ಲಿ ಮುಕ್ಕಾಲು ಪಾಲು ಪಿಷ್ಟ. ಪಲ್ಯ ತಟ್ಟೆಯ ಅಂಚಿನಲ್ಲಿ ನೆಂಚಿಕೊಳ್ಳಲಿಕ್ಕೆ ಅಷ್ಟೇ.

ಬಾಳೆ ಎಲೆಯಲ್ಲಿ ಕೋಸಂಬರಿ, ಪಲ್ಯಗಳನ್ನು ಬಡಿಸಿದ ಮೇಲಲ್ಲವೇ ಅನ್ನ ಬರುವುದು? ತಿನ್ನುವುದೂ ಅದೇ ಕ್ರಮದಲ್ಲಿರಲಿ. ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಧಾರಾಳವಾಗಿ ಬೀನ್ಸ್ ಅಥವಾ ಸೊಪ್ಪಿನ ಪಲ್ಯ ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ತರಕಾರಿ ಮತ್ತು ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಅಷ್ಟು ಹೊತ್ತಿಗೆ ಹಸಿವೂ ಅರ್ಧ ಇಳಿದಿರುತ್ತದೆ, ಎರಡನೇ ಸೌಟು ತಾನಾಗಿ ತಪ್ಪುತ್ತದೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬೇಳೆ-ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲಿನಲ್ಲಿ ಅನ್ನವೋ ಚಪಾತಿಯೋ ಮುದ್ದೆಯೋ. ಮುದ್ದೆ ಎಂದ ಕೂಡಲೇ ಎರಡು ಹಾಕಿಸಿಕೊಳ್ಳಬೇಡಿ. ನುಣ್ಣಗೆ ಬೀಸಿದ ರಾಗಿ ಹಿಟ್ಟೂ ಸಕ್ಕರೆ ಏರಿಸುತ್ತದೆ. ಮುದ್ದೆಯ ನಿಜವಾದ ಉಪಕಾರ ಅದರ ಜೊತೆ ಬರುವ ಹುರುಳಿಕಾಳಿನ ಬಸ್ಸಾರಿನಲ್ಲಿ ಇದೆ, ಕಾಳು-ಸೊಪ್ಪಿನ ಪಲ್ಯವನ್ನೂ ಬಿಡದೆ ತಿಂದರೆ.

ಬೆಳಗಿನ ಉಪ್ಪಿಟ್ಟು, ಚಿತ್ರಾನ್ನ, ಶಾವಿಗೆಗೆ ಮೊಳಕೆ ಕಾಳೋ ಬೇಯಿಸಿದ ಮೊಟ್ಟೆಯೋ ಜೊತೆಯಾಗಲಿ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಶುಗರ್ ಏರದು ಎಂಬ ನಂಬಿಕೆ ಇನ್ನೂ ಸಾಯದಿರುವುದು ಆಶ್ಚರ್ಯ. ಜ್ಯೂಸ್ ಬಿಡಿ, ಹಣ್ಣು ಕಚ್ಚಿ ತಿನ್ನಿ.

ಎಣ್ಣೆ, ಉಪ್ಪಿನ ಲೆಕ್ಕವನ್ನು ದಿನಸಿ ಚೀಟಿಯಲ್ಲೇ ಹಿಡಿಯಿರಿ. ಅಡುಗೆಗೆ ಒಬ್ಬರಿಗೆ ತಿಂಗಳಿಗೆ ಸುಮಾರು ಅರ್ಧ ಲೀಟರ್ ಎಣ್ಣೆ ಸಾಕು. ಉಪ್ಪು ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಇದರಲ್ಲಿ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬಿಸ್ಕತ್ತೂ ಸೇರಿವೆ.

ಉಂಡ ಮೇಲೆ ಒರಗಬೇಡಿ

ಊಟವಾಗಿ ಹತ್ತು ನಿಮಿಷ ನಡೆದರೂ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇದರ ಜೊತೆಗೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಬಸ್ಕಿಯಂಥ ಸ್ನಾಯು ಕಸರತ್ತು. ತಿಂಗಳಾದರೂ ತೂಕ ಇಳಿಯಲಿಲ್ಲವೆಂದು ಕೈಬಿಡುವವರು ಚೆನ್ನೈ ತಂಡದ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನ ನೋಡಬೇಕು. 2006ರಲ್ಲಿ ಬಂದ ಅದರ ಫಲಿತಾಂಶದಲ್ಲಿ, ಊಟ-ನಡಿಗೆ ತಿದ್ದಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಆದರೂ ಮೂರು ವರ್ಷದಲ್ಲಿ ಮಧುಮೇಹದ ಅಪಾಯ ಶೇ 28.5ರಷ್ಟು ತಗ್ಗಿತ್ತು.

ಬೀಡಿ, ಸಿಗರೇಟು, ಗುಟ್ಕಾ ಬಗ್ಗೆ ಚೌಕಾಸಿ ಇಲ್ಲ, ಪೂರ್ತಿ ಬಿಡಬೇಕು. ರಾತ್ರಿ ಏಳು ತಾಸು ನಿದ್ದೆ ಮಾಡಿ. ನಿದ್ದೆಗೆಟ್ಟರೆ ಮರುದಿನ ಹಸಿವೂ ಸಕ್ಕರೆಯೂ ಎರಡೂ ಹೆಚ್ಚು.

ಎರಡು ಎಚ್ಚರಿಕೆ

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅನ್ನವನ್ನು ಏಕಾಏಕಿ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು; ಮೊದಲು ವೈದ್ಯರನ್ನು ಕೇಳಿ. ಇನ್ನು, ಎದೆ ಹಿಂಡಿದಂತಾಗಿ ಎಡಗೈಗೋ ದವಡೆಗೋ ನೋವು ಹಬ್ಬಿದರೆ, ತಣ್ಣಗೆ ಬೆವರಿದರೆ, ಮೇಲಿನ ಯಾವ ಲೆಕ್ಕವೂ ಬೇಡ. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಕೂರದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಆಗ ಇಸಿಜಿ ಖಂಡಿತ ಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ಆಸ್ಪತ್ರೆಗಳಲ್ಲಿ ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿಯೇ ಕೊಡುತ್ತಾರೆ.