ಬೆನ್ನ ಮೇಲಿನ ಪಿಟೀಲು: ವಿಚಿತ್ರ ಫೋಟೊವನ್ನು ಓದುವುದು ಹೇಗೆ?

ಕಲಾ ಗ್ಯಾಲರಿಯಲ್ಲಿ ತಲೆಬುಡ ಅರ್ಥವಾಗದ ಫೋಟೊ ಎದುರಾದಾಗ ನಮ್ಮಲ್ಲಿ ಹೆಚ್ಚಿನವರು ಪಂಚಾಂಗದ ಹಿಂಪುಟ ತಿರುವಲು ಶುರು ಮಾಡುತ್ತೇವೆ. ಹಲ್ಲಿ ಬಲಭುಜದ ಮೇಲೆ ಬಿದ್ದರೆ ಯಾವ ಫಲ, ಎಡಭುಜಕ್ಕೆ ಯಾವ ಫಲ ಎಂದು ನೋಡುವ ಹಾಗೆ, ಹಕ್ಕಿ ಕಂಡರೆ ಸ್ವಾತಂತ್ರ್ಯ, ಗಡಿಯಾರ ಕಂಡರೆ ಕಾಲ, ಕನ್ನಡಿ ಕಂಡರೆ ಆತ್ಮ ಎಂದು ಫಲ ಹೇಳಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇವೆ. ಇಂಥ ಚಿತ್ರಗಳಲ್ಲಿ ವಸ್ತುವಿಗೆ ಹೀಗೆ ಗೊತ್ತುಮಾಡಿಟ್ಟ ಫಲ ಇರುವುದು ಅಪರೂಪ. ಛಾಯಾಗ್ರಾಹಕರು ಎಲ್ಲಿಂದಲೋ ಏನನ್ನೋ ಕಡ ತಂದಿರುತ್ತಾರೆ. ಯಾರ ಮನೆಯಿಂದ ತಂದರು, ತಂದು ಏನು ಮಾಡಿದರು ಎಂಬುದನ್ನು ಪತ್ತೆ ಮಾಡುವುದೇ ನೋಡುಗರ ಕೆಲಸ.

ಮೊದಲು ಕಂಡಷ್ಟನ್ನೇ ಹೇಳಿ

ಛಾಯಾಗ್ರಾಹಕ ಮ್ಯಾನ್ ರೇ 1924ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದ ‘ಆಂಗ್ರನ ಪಿಟೀಲು’ ಚಿತ್ರವನ್ನು ಮೊಬೈಲಿನಲ್ಲಿ ತೆರೆದುಕೊಳ್ಳಿ. ಅರ್ಥದ ಮಾತು ಸದ್ಯಕ್ಕೆ ಬೇಡ, ಕಾಣುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ. ನಮಗೆ ಬೆನ್ನು ಹಾಕಿ ಕುಳಿತ ಹೆಂಗಸು. ತಲೆಗೆ ಸುತ್ತಿದ ಬಟ್ಟೆ, ಕಿವಿಯಲ್ಲಿ ಓಲೆ, ತುಸು ಎಡಕ್ಕೆ ತಿರುಗಿದ ಮುಖ. ಸೊಂಟದ ಕೆಳಗೆ ಜಾರಿದ ವಸ್ತ್ರ. ಬೆನ್ನ ಮೇಲೆ, ಪಿಟೀಲಿನ ಮೈಯಲ್ಲಿರುವಂಥ ಎಫ್ ಆಕಾರದ ಎರಡು ಸೀಳು.

ಇಲ್ಲಿಗೆ ನಿಲ್ಲಿಸಬೇಡಿ. ಏನು ಇಲ್ಲ ಎಂಬುದನ್ನೂ ಹೇಳಿ. ಆಕೆಗೆ ತೋಳುಗಳಿಲ್ಲ. ಮುಂದಕ್ಕೆ ಮಡಚಿಕೊಂಡಿದ್ದರಿಂದ ಅವು ಕಾಣುತ್ತಿಲ್ಲ ಅಷ್ಟೆ, ಆದರೆ ಚಿತ್ರದ ಮಟ್ಟಿಗೆ ಇಲ್ಲವೆಂದೇ ಲೆಕ್ಕ. ನಾನಂತೂ ಇದನ್ನು ಗಮನಿಸಿದ್ದು ಎಷ್ಟೋ ಸಲ ನೋಡಿದ ಮೇಲೆ. ಆ ಸೀಳುಗಳು ಕಣ್ಣನ್ನು ಹಾಗೆ ಹಿಡಿದಿಟ್ಟುಕೊಳ್ಳುತ್ತವೆ.

ಯಾವುದು ಕ್ಯಾಮೆರಾದ್ದು, ಯಾವುದು ಕೈಯದ್ದು?

ಸೀಳುಗಳನ್ನು ಆಕೆಯ ಚರ್ಮದ ಮೇಲೆ ಬರೆದದ್ದಲ್ಲ. ಫೋಟೊ ತೆಗೆದ ನಂತರ ಚಿತ್ರಕ್ಕೆ ಸೇರಿಸಿದ್ದು. ಮಾಡಿದ ಬಗೆಯನ್ನು ತಿಳಿಯುವುದು ಬರೀ ಕುತೂಹಲಕ್ಕಲ್ಲ. ಎಲ್ಲಿ ಕೈ ಆಡಿದೆಯೋ ಅಲ್ಲಿ ಉದ್ದೇಶ ಇದೆ.

ಕಡ ತಂದದ್ದು ಎಲ್ಲಿಂದ?

ಶೀರ್ಷಿಕೆಯನ್ನು ಹಿಡಿದು ಹೊರಡಿ. ಆಂಗ್ರ ಫ್ರಾನ್ಸಿನ ದೊಡ್ಡ ಚಿತ್ರಕಾರ. ತಲೆಗೆ ಬಟ್ಟೆ ಸುತ್ತಿ ನಮಗೆ ಬೆನ್ನು ತಿರುಗಿಸಿ ಕುಳಿತ ಸ್ನಾನದ ಹೆಣ್ಣನ್ನು ಆತ 1808ರಲ್ಲೇ ಬರೆದಿದ್ದ. ಭಂಗಿ ಬಂದದ್ದು ಅಲ್ಲಿಂದ. ಆತನಿಗೆ ಪಿಟೀಲು ನುಡಿಸುವ ಹುಚ್ಚೂ ಇತ್ತು. ಅದರಿಂದ ಫ್ರೆಂಚರಲ್ಲಿ ‘ಆಂಗ್ರನ ಪಿಟೀಲು’ ಎಂದರೆ ಹವ್ಯಾಸ ಎಂಬ ನುಡಿಗಟ್ಟೇ ಹುಟ್ಟಿಕೊಂಡಿತು. (ನಮ್ಮಲ್ಲಿ ಪಿಟೀಲು ಕುಯ್ಯುವುದು ಎಂದರೆ ಬೇರೆಯೇ ಆಯಿತು.) ಫೋಟೊದಲ್ಲಿರುವ ಕಿಕಿ ಆಗ ಮ್ಯಾನ್ ರೇ ಅವರ ಪ್ರೇಯಸಿ. ಹಾಗಾದರೆ ಹವ್ಯಾಸ ಯಾವುದು? ಪಿಟೀಲೋ, ಕಿಕಿಯೋ? ಅಲ್ಲಿಯವರೆಗೆ ತಮಾಷೆಯಾಗಿದ್ದ ಚಿತ್ರ ಈಗ ಇರಿಸುಮುರಿಸು ಮಾಡುತ್ತದೆ. ವಾದ್ಯಕ್ಕೆ ತನ್ನದೇ ಕೈಗಳಿರುವುದಿಲ್ಲ, ಇನ್ನೊಬ್ಬರು ನುಡಿಸಬೇಕು. ಕಾಣದ ತೋಳುಗಳು ಅರ್ಥಕ್ಕೆ ಬರುವುದು ಈ ಹಂತದಲ್ಲಿ. ಇದರ ಒಂದು ಪ್ರತಿ 2022ರ ಹರಾಜಿನಲ್ಲಿ 1.24 ಕೋಟಿ ಡಾಲರಿಗೆ ಹೋಯಿತು. ಆ ಮೊತ್ತದಿಂದ ಅರ್ಥವೇನೂ ಹೆಚ್ಚಾಗಲಿಲ್ಲ ಬಿಡಿ.

ನುಡಿಗಟ್ಟು ಫ್ರೆಂಚರದ್ದು, ಹಾಗಾಗಿ ಬೀಗದ ಕೈಯೂ ಅವರಲ್ಲಿತ್ತು. ಇನ್ನೊಂದು ಬೀಗದ ಕೈ ನಮ್ಮ ದೇವರಮನೆಯಲ್ಲೇ ಇದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಬಗ್ಗೆ ಒಂದು ಸರಣಿ ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯಾಗಿ ಸ್ವತಃ ಅವರೇ ನಿಂತಿದ್ದಾರೆ. ಕ್ಯಾಲೆಂಡರಿನಲ್ಲಿ ಆ ಲಕ್ಷ್ಮಿಯನ್ನು ನೋಡುತ್ತಾ ಬೆಳೆದವರಿಗೆ ವಿವರಣೆ ಬೇಕಿಲ್ಲ. ದೇವರ ಪಟ ಎಂದುಕೊಂಡು ಹತ್ತಿರ ಹೋದರೆ ಅಲ್ಲಿರುವುದು ವೇಷ ಹಾಕಿದ ಒಬ್ಬ ಹೆಂಗಸು, ಹಿಂದೆ ಸ್ಟುಡಿಯೊದ ಪರದೆ. ಅದು ವೇಷ ಎಂಬುದನ್ನು ಅವರು ಮುಚ್ಚಿಡಲು ಹೋಗಿಲ್ಲ. ಇಲ್ಲಿ ಫ್ರೆಂಚರೇ ಅಡಿಟಿಪ್ಪಣಿ ಓದಬೇಕು.

ಅದೇ ಸರಣಿಯ ಇನ್ನೊಂದು ಚಿತ್ರದಲ್ಲಿ ಅವರು ಚೌಕುಳಿ ಪರದೆಯ ಮುಂದೆ ನಿಂತಿದ್ದಾರೆ. ಮೊದಲ ನೋಟಕ್ಕೆ ಅದು ಹಾಸಿಗೆಗೆ ಹೊದಿಸುವ ಬಟ್ಟೆಯಂತಿದೆ. ಆದರೆ ಆ ಚೌಕಗಳಿಗೊಂದು ಕಥೆಯಿದೆ. ಮನುಷ್ಯರ ಮೈಯಳತೆಯನ್ನು ಫೋಟೊದಿಂದಲೇ ತೆಗೆಯಲು ಅವರನ್ನು ಎರಡೆರಡು ಅಂಗುಲದ ಚೌಕಗಳ ಮುಂದೆ ನಿಲ್ಲಿಸಬೇಕು ಎಂಬ ವಿಧಾನವನ್ನು ಲ್ಯಾಂಪ್ರೆ ಎಂಬಾತ 1869ರಲ್ಲಿ ಇಂಗ್ಲೆಂಡಿನಲ್ಲಿ ಮುಂದಿಟ್ಟ. ಬ್ರಿಟಿಷ್ ಅಧಿಕಾರಿಗಳು ಇಂಥ ಚೌಕಗಳ ಮುಂದೆ ಅಂಡಮಾನಿನ ಜನರನ್ನು ನಿಲ್ಲಿಸಿ ಚಿತ್ರ ತೆಗೆದರು. ಈಗ ಪುಷ್ಪಮಾಲಾ ಅವರ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬಳೇ ಹೆಂಗಸು, ಒಂದರಲ್ಲಿ ಪೂಜೆಗೆ ನಿಂತಿದ್ದಾಳೆ, ಇನ್ನೊಂದರಲ್ಲಿ ಅಳತೆಗೆ. ಸರಣಿಯಿಂದ ಒಂದೇ ಚಿತ್ರ ಕಿತ್ತು ಓದಬಾರದು ಎನ್ನುವುದು ಇದಕ್ಕೇ.

ತೆಗೆದು ನೋಡಿ

ಚಿತ್ರದಲ್ಲಿ ಕಂಡದ್ದೆಲ್ಲ ಸಂಕೇತವಲ್ಲ. ಯಾವುದು ಹೌದು ಎಂದು ತಿಳಿಯಲು ಮನಸ್ಸಿನಲ್ಲೇ ಒಂದೊಂದನ್ನು ತೆಗೆದು ನೋಡಬೇಕು. ಫಿಲಿಪ್ ಹಾಲ್ಸ್‌ಮನ್ 1948ರಲ್ಲಿ ತೆಗೆದ ಚಿತ್ರಕಾರ ಸಾಲ್ವಡಾರ್ ಡಾಲಿಯ ಪ್ರಸಿದ್ಧ ಫೋಟೊದಲ್ಲಿ ಮೂರು ಬೆಕ್ಕು, ಕುರ್ಚಿ, ಚಿಮ್ಮಿದ ನೀರು, ಕುಂಚ ಹಿಡಿದ ಡಾಲಿ, ಎಲ್ಲವೂ ಗಾಳಿಯಲ್ಲಿವೆ. ಸಹಾಯಕರು ಬೆಕ್ಕು ಮತ್ತು ನೀರನ್ನು ಎಸೆಯುವುದು, ಡಾಲಿ ಜಿಗಿಯುವುದು, ಹೀಗೆ 28 ಸಲ ಮಾಡಿದ ಮೇಲೆ ಸಿಕ್ಕ ಚಿತ್ರ ಅದು. ಬೆಕ್ಕಿನ ಬದಲು ಕೋಳಿ ಎಸೆದಿದ್ದರೂ ಅರ್ಥಕ್ಕೆ ದೊಡ್ಡ ನಷ್ಟವಿರಲಿಲ್ಲ. ಕುರ್ಚಿಯ ಕಾಲು ನೆಲಕ್ಕೆ ತಾಗಿದ್ದರೆ ಮಾತ್ರ ಚಿತ್ರವೇ ಕೆಡುತ್ತಿತ್ತು. ಅಣುವಿನೊಳಗಿನ ಕಣಗಳು ಒಂದನ್ನೊಂದು ಮುಟ್ಟದೆ ನಿಂತಿವೆ ಎಂಬ ಯೋಚನೆ ಹಿರೋಶಿಮಾ ನಂತರ ಡಾಲಿಯ ತಲೆ ಹೊಕ್ಕಿತ್ತು. ಯಾವುದೂ ಯಾವುದಕ್ಕೂ ತಾಗದ ಅವರ ಒಂದು ವರ್ಣಚಿತ್ರವೂ ಇದೇ ಫೋಟೊದಲ್ಲಿ ತೂಗುತ್ತಿದೆ. ಸಂಕೇತ ಇರುವುದು ಬೆಕ್ಕಿನಲ್ಲಲ್ಲ, ನೆಲಕ್ಕೂ ಕಾಲಿಗೂ ನಡುವಿನ ಅಂತರದಲ್ಲಿ.

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗದಿದ್ದರೆ?

ಸಿಗದ ಚಿತ್ರಗಳೂ ಇವೆ. ಛಾಯಾಗ್ರಾಹಕಿ ಡೋರಾ ಮಾರ್ 1936ರಲ್ಲಿ ಯಾವುದೋ ಜೀವಿಯ ಮುಖವನ್ನು ತೀರಾ ಹತ್ತಿರದಿಂದ ತೆಗೆದರು. ಮೈಮೇಲೆ ಹುರುಪೆ, ಅರೆಮುಚ್ಚಿದ ಕಣ್ಣು, ಎದೆಗೆ ಮಡಚಿದ ಉಗುರು. ಫ್ರೆಂಚ್ ನಾಟಕವೊಂದರ ದುಷ್ಟ ರಾಜ ಉಬುವಿನ ಹೆಸರನ್ನು ಅದಕ್ಕೆ ಇಟ್ಟರು. ಅಮೆರಿಕದ ಚಿಪ್ಪುಪ್ರಾಣಿ ಆರ್ಮಡಿಲ್ಲೊದ ಭ್ರೂಣ ಇರಬೇಕು ಎಂದು ಬಹಳ ಮಂದಿ ಊಹಿಸಿದ್ದಾರೆ. ಅದು ಏನೆಂದು ಮಾರ್ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಅವರು ಬದುಕಿದ್ದದ್ದು 1997ರವರೆಗೆ.