ತಪಾಸಣೆ ಬೇರೆ, ಮಾರ್ಗದರ್ಶನ ಬೇರೆ: ಮನೆಯಲ್ಲೇ ಶಿಶುಪಾಲನೆ ನಡೆಸುವ ನನ್ನ ಅನುಭವ

ನನ್ನ ಮನೆಯಲ್ಲೇ ಇತರರ ಮಕ್ಕಳನ್ನು ನೋಡಿಕೊಳ್ಳಲು ಆರಂಭಿಸಿ ಹನ್ನೊಂದು ವರ್ಷಗಳಾದವು. ಮೊದಲ ನಾಲ್ಕು ವರ್ಷ ಸರ್ಕಾರದೊಂದಿಗೆ ನನಗಿದ್ದ ಸಂಬಂಧವೆಂದರೆ ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ಮಾತ್ರ. ಬಂದವರು ಔಷಧಿಗಳು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿವೆಯೇ, ವಿದ್ಯುತ್ ಪ್ಲಗ್‌ಗಳಿಗೆ ಮುಚ್ಚಳವಿದೆಯೇ, ಬೆಂಕಿ ನಂದಿಸುವ ಸಾಧನದ ಅವಧಿ ಮುಗಿದಿಲ್ಲ ತಾನೇ ಎಂದು ನೋಡಿ, ಸಹಿ ಹಾಕಿಸಿಕೊಂಡು ಹೊರಡುತ್ತಿದ್ದರು. ಇವೆಲ್ಲ ಅಗತ್ಯವಾದವುಗಳೇ, ಅವುಗಳಲ್ಲಿ ಒಂದನ್ನೂ ಸಡಿಲಿಸಬಾರದು. ಆದರೆ ಮಕ್ಕಳು ನನ್ನ ಮನೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಕಳೆಯುತ್ತಾ ಏನನ್ನು ಕಲಿಯುತ್ತಿದ್ದಾರೆ ಎಂದು ಆ ನಾಲ್ಕು ವರ್ಷಗಳಲ್ಲಿ ಯಾರೂ ಕೇಳಲಿಲ್ಲ. ನಾನೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಮಕ್ಕಳು ಬೀಳದೆ, ಅಳದೆ, ಹಸಿಯದೆ ಸಂಜೆಯವರೆಗೆ ಇದ್ದರೆ ನನ್ನ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ.

ಐದನೆಯ ವರ್ಷ, ನನ್ನಂತೆ ಮನೆಯಲ್ಲೇ ಶಿಶುಪಾಲನೆ ನಡೆಸುವ ನೋಂದಾಯಿತ ಪಾಲಕಿಯರಿಗಾಗಿ ಸರ್ಕಾರ ನಡೆಸುವ ಗುಣಮಟ್ಟ ಸುಧಾರಣೆಯ ಯೋಜನೆಗೆ ಸೇರಿಕೊಂಡೆ. ಸೇರಲೇಬೇಕೆಂಬ ಕಡ್ಡಾಯವಿರಲಿಲ್ಲ. ತಿಂಗಳಿಗೆರಡು ಬಾರಿ ಒಬ್ಬ ಮಾರ್ಗದರ್ಶಕಿ ಮನೆಗೆ ಬರುತ್ತಾರೆ, ಪುಸ್ತಕ ಮತ್ತು ಆಟಿಕೆಗಳ ಪೆಟ್ಟಿಗೆಯೊಂದನ್ನು ಎರವಲಾಗಿ ಕೊಡಲಾಗುತ್ತದೆ, ವರ್ಷದಲ್ಲಿ ಕೆಲವು ದಿನಗಳ ತರಬೇತಿ ಇರುತ್ತದೆ ಎಂದಷ್ಟೇ ತಿಳಿದಿತ್ತು. ನನಗೆ ಎರಡು ಭಯಗಳಿದ್ದವು. ಮನೆಯನ್ನು ಶಾಲೆಯನ್ನಾಗಿ ಮಾಡಿಬಿಡುತ್ತಾರೇನೋ ಎಂಬುದು ಮೊದಲನೆಯದು. ಬಂದವರು ಕಂಡ ಕೊರತೆಗಳನ್ನೆಲ್ಲ ಬರೆದುಕೊಂಡು ಹೋಗಿ ನೋಂದಣಿಗೇ ಕುತ್ತು ತರುತ್ತಾರೇನೋ ಎಂಬುದು ಎರಡನೆಯದು. ಎರಡನೆಯ ಭಯವನ್ನು ಮಾರ್ಗದರ್ಶಕಿ ಮೊದಲ ದಿನವೇ ನಿವಾರಿಸಿದರು. ಮಗುವಿಗೆ ಅಪಾಯವಿದ್ದ ಸಂದರ್ಭವೊಂದನ್ನು ಬಿಟ್ಟರೆ, ತಮ್ಮ ಟಿಪ್ಪಣಿಗಳು ತಪಾಸಣಾ ವಿಭಾಗಕ್ಕೆ ಹೋಗುವುದಿಲ್ಲವೆಂದು ಬರೆದಿದ್ದ ಪತ್ರವನ್ನು ನನ್ನ ಕೈಗೆ ಕೊಟ್ಟರು. ಆ ಒಂದು ಹಾಳೆ ಇಲ್ಲದಿದ್ದರೆ ನಾನು ಅವರ ಮುಂದೆ ಒಳ್ಳೆಯ ಪಾಲಕಿಯಂತೆ ನಟಿಸುತ್ತಲೇ ಇರುತ್ತಿದ್ದೆ, ಏನನ್ನೂ ಕಲಿಯುತ್ತಿರಲಿಲ್ಲ.

ಅವರು ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ, ಮಕ್ಕಳ ನಡುವೆ ಕುಳಿತರು. ಇಪ್ಪತ್ತು ನಿಮಿಷ ನಾನು ಮಕ್ಕಳಿಗೆ ಆಡಿದ ಪ್ರತಿಯೊಂದು ಮಾತನ್ನೂ ಬರೆದುಕೊಂಡು, ಮಕ್ಕಳು ಮಲಗಿದ ಮೇಲೆ ಆ ಹಾಳೆಯನ್ನು ನನ್ನ ಮುಂದಿಟ್ಟು, ವಿಂಗಡಿಸಲು ಹೇಳಿದರು. ಒಟ್ಟು 61 ಮಾತುಗಳಿದ್ದವು. ಅವುಗಳಲ್ಲಿ 44, ‘ಬಾ’, ‘ಕೂರು’, ‘ಮುಟ್ಟಬೇಡ’, ‘ಬೇಗ’ ಎಂಬಂಥ ಅಪ್ಪಣೆಗಳು. ಹನ್ನೊಂದು, ‘ಇದು ಯಾವ ಬಣ್ಣ?’ ಎಂಬಂತೆ ಉತ್ತರ ನನಗೆ ಮೊದಲೇ ಗೊತ್ತಿದ್ದ ಪ್ರಶ್ನೆಗಳು. ಮಗು ಹೇಳಿದ್ದನ್ನೋ ತೋರಿಸಿದ್ದನ್ನೋ ಹಿಡಿದು ಮುಂದುವರಿಸಿದ ಮಾತು ಉಳಿದ ಆರು ಮಾತ್ರ. ಅವರು ಟೀಕಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಂದಿನ ಬಾರಿ ಬರುವಷ್ಟರಲ್ಲಿ ಈ ಆರನ್ನು ಹತ್ತು ಮಾಡಲು ಸಾಧ್ಯವೇ ಎಂದಷ್ಟೇ ಕೇಳಿದರು. ಮಕ್ಕಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದೇನೆಂದು ನಂಬಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರೀತಿ ಇದ್ದದ್ದು ನಿಜ, ಆದರೆ ಅದು ನನ್ನ ಮಾತಿನಲ್ಲಿ ಇರಲಿಲ್ಲ.

ಮೊದಲ ವರ್ಷಗಳಲ್ಲಿ ಮಗುವಿನ ಭಾಷೆ ಬೆಳೆಯಲು ಅದರ ಕಿವಿಗೆ ಬೀಳುವ ಪದಗಳಷ್ಟೇ ಸಾಲವು. ಮಗು ಬೆರಳು ತೋರಿಸಿದಾಗ ದೊಡ್ಡವರು ಅತ್ತ ನೋಡಿ ಏನನ್ನಾದರೂ ಹೇಳಬೇಕು, ಅದಕ್ಕೆ ಮಗು ಮತ್ತೆ ಪ್ರತಿಕ್ರಿಯಿಸಬೇಕು. ಮಾತು ಹೀಗೆ ಹೋಗಿ ಬಂದಷ್ಟೂ ಕಲಿಕೆ ಗಟ್ಟಿಯಾಗುತ್ತದೆ. ಈ ವಿಷಯವನ್ನು ತರಬೇತಿಯಲ್ಲಿ ಕೇಳಿದ್ದೆನಾದರೂ ಅದು ನನಗೆ ಅರ್ಥವಾದದ್ದು ಕೈ ತೊಳೆಯುವ ಜಾಗದಲ್ಲಿ. ಎರಡೂವರೆ ವರ್ಷದ ಹುಡುಗನೊಬ್ಬ ಪ್ರತಿದಿನ ನಲ್ಲಿಯ ಕೆಳಗೆ ಲೋಟ ಹಿಡಿದು, ಅದು ತುಂಬಿ ಚೆಲ್ಲುವವರೆಗೂ ನಿಂತಿರುತ್ತಿದ್ದ. ನಾನು ಪ್ರತಿದಿನ ನಲ್ಲಿಯನ್ನು ನಿಲ್ಲಿಸಿ ಅವನನ್ನು ಎತ್ತಿಕೊಂಡು ಬರುತ್ತಿದ್ದೆ. ಮಾರ್ಗದರ್ಶಕಿ ಅಂದು ನನ್ನ ಕೈ ತಡೆದು, ‘ಅವನು ಏನನ್ನು ನೋಡುತ್ತಿದ್ದಾನೆ?’ ಎಂದು ಕೇಳಿದರು. ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದೆ. ನೀರು ಲೋಟದ ಅಂಚಿಗಿಂತ ತುಸು ಮೇಲೆ ಉಬ್ಬಿ, ಕ್ಷಣಕಾಲ ನಿಂತು, ಆಮೇಲೆ ಒಂದು ಕಡೆಯಿಂದ ಜಾರುತ್ತಿತ್ತು. ‘ನಿಂತಿದೆ… ನಿಂತಿದೆ…’ ಎಂದೆ. ಅವನು ತಿರುಗಿ ನನ್ನ ಮುಖ ನೋಡಿ, ‘ಬಿತ್ತು!’ ಎಂದ. ಅವನು ನನಗಾಗಿ ಆಡಿದ ಮೊದಲ ಪದ ಅದು. ಮರುದಿನ ನಾನು ಒಂದು ಟಬ್ಬು, ಎರಡು ಬಾಟಲಿ ಮತ್ತು ಒಂದು ಆಲಿಕೆಯನ್ನು ನೆಲದ ಮೇಲಿಟ್ಟೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಅವನ ಪಕ್ಕ ಕುಳಿತು, ಯಾವ ಬಾಟಲಿಗೆ ಎಷ್ಟು ಲೋಟ ನೀರು ಹಿಡಿಯುತ್ತದೆ ಎಂದು ಎಣಿಸತೊಡಗಿದಳು. ಅವನು ಅವಳ ಹಿಂದೆಯೇ ಎಣಿಕೆಯನ್ನು ಉಸುರುತ್ತಿದ್ದ.

ಬೇರೆ ಬೇರೆ ವಯಸ್ಸಿನ ಮಕ್ಕಳು ಹೀಗೆ ಒಟ್ಟಿಗೆ ಇರುವುದೇ ಮನೆಯ ಶಿಶುಪಾಲನೆಯ ದೊಡ್ಡ ಬಲ. ಸರ್ಕಾರದ ಬೆಂಬಲ ಮೊದಲು ಎಡವಿದ್ದೂ ಇಲ್ಲಿಯೇ. ನಮಗೆ ಕಳುಹಿಸಿದ ನಮೂನೆಗಳು ದೊಡ್ಡ ಕೇಂದ್ರಗಳಿಗಾಗಿ ರಚಿಸಿದವು. ತರಗತಿಗೆ ಎಷ್ಟು ಕಲಿಕಾ ಮೂಲೆಗಳಿವೆ, ಮೂರು ವರ್ಷದವರ ಗುಂಪಿನ ವೇಳಾಪಟ್ಟಿ ಯಾವುದು ಎಂದು ಕೇಳುತ್ತಿದ್ದವು. ನನ್ನ ಬಳಿ ಇದ್ದದ್ದು ಐದು ಮಕ್ಕಳು, ಐದು ವಯಸ್ಸು. ಮನೆಯನ್ನು ಮನೆಯೆಂದೇ ಒಪ್ಪಿಕೊಂಡು ಅಳೆಯುವ ಸಾಧನಗಳಿಲ್ಲವೆಂದಲ್ಲ. ಅಮೆರಿಕದಲ್ಲಿ ಶಿಶುಶಿಕ್ಷಣದ ಸಂಶೋಧಕರಾದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1989ರಲ್ಲೇ ಮನೆಪಾಲನೆಗೆಂದು ಪ್ರತ್ಯೇಕ ಮಾಪನವನ್ನು ರೂಪಿಸಿದ್ದರು. ಡೆಬಿ ಕ್ರೈಯರ್ ಅವರೂ ಸೇರಿ ಅದನ್ನು ಪರಿಷ್ಕರಿಸಿದ್ದು 2007ರಲ್ಲಿ. ಅದರಲ್ಲಿ 1ರಿಂದ 7ರವರೆಗೆ ಅಂಕಗಳಿದ್ದು, 3 ಎಂದರೆ ಕನಿಷ್ಠ, 5 ಎಂದರೆ ಉತ್ತಮ. ನಮ್ಮ ಮಾರ್ಗದರ್ಶಕಿ ಅದೇ ಬಗೆಯ ಅಳತೆಯಿಂದ ನನ್ನ ಮನೆಯನ್ನು ನೋಡಿದಾಗ ಸುರಕ್ಷತೆಯಲ್ಲಿ 5 ಬಂತು, ಮಕ್ಕಳೊಂದಿಗಿನ ಮಾತುಕತೆಯಲ್ಲಿ 2. ತಪಾಸಣೆ ಕೇಳಿದ್ದನ್ನೆಲ್ಲ ನಾನು ಕಲಿತಿದ್ದೆ, ಕೇಳದಿದ್ದುದನ್ನು ಕಲಿತಿರಲಿಲ್ಲ.

ಎರವಲು ಪೆಟ್ಟಿಗೆಯ ಪುಸ್ತಕಗಳನ್ನು ಮೊದಮೊದಲು ನಾನು ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಿದ್ದೆ. ಓದುವಾಗ ಮಗುವನ್ನೇ ಕಥೆ ಹೇಳುವವನನ್ನಾಗಿ ಮಾಡಬೇಕು, ‘ಈಗ ಏನಾಗಬಹುದು?’ ಎಂದು ಕೇಳಿ ಕಾಯಬೇಕು, ಮಗುವಿನ ಉತ್ತರಕ್ಕೆ ಒಂದೆರಡು ಪದ ಸೇರಿಸಿ ಮರಳಿ ಕೊಡಬೇಕು ಎಂಬ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದರು. ಕೆಲವೇ ವಾರಗಳಲ್ಲಿ ಮಕ್ಕಳ ಮಾತಿನಲ್ಲಿ ವ್ಯತ್ಯಾಸ ಕಂಡಿತ್ತು. ನನಗೆ ಕಷ್ಟವಾದದ್ದು ಕೇಳುವುದಲ್ಲ, ಕಾಯುವುದು. ಮನಸ್ಸಿನಲ್ಲೇ ಐದರವರೆಗೆ ಎಣಿಸುವ ಅಭ್ಯಾಸ ಮಾಡಿಕೊಂಡೆ. ಮೂರಕ್ಕೇ ಬಾಯಿ ತೆರೆಯುತ್ತಿದ್ದ ನಾನು ಐದಕ್ಕೆ ಬರಲು ಎರಡು ತಿಂಗಳು ಬೇಕಾಯಿತು.

ಬೆಂಬಲದಲ್ಲಿ ಅತಿ ದುರ್ಬಲವಾಗಿದ್ದ ಭಾಗವನ್ನೂ ಹೇಳಲೇಬೇಕು. ತರಬೇತಿಗಳು ಕೆಲಸದ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ ಇರುತ್ತಿದ್ದವು. ಕೇಂದ್ರದಲ್ಲಿ ಕೆಲಸ ಮಾಡುವವರು ಸಹೋದ್ಯೋಗಿಗೆ ಒಪ್ಪಿಸಿ ಹೋಗಬಹುದು. ಒಬ್ಬಳೇ ಇರುವ ನಾನು ಹೋದರೆ ಐದು ಕುಟುಂಬಗಳ ತಾಯ್ತಂದೆಯರು ಅಂದು ರಜೆ ಹಾಕಬೇಕು, ನನ್ನ ಆದಾಯವೂ ಹೋಗುತ್ತದೆ. ಮೊದಲ ವರ್ಷ ಅರ್ಧದಷ್ಟು ತರಬೇತಿಗಳಿಗೆ ನಾನು ಗೈರುಹಾಜರಾದೆ, ಮತ್ತು ಅದು ನನ್ನ ಕಡತದಲ್ಲಿ ‘ಆಸಕ್ತಿಯ ಕೊರತೆ’ ಎಂದು ದಾಖಲಾಯಿತು. ಸಾಮಗ್ರಿಗಳಿಗೆ ಮಂಜೂರಾಗಿದ್ದ ಅನುದಾನ ಏಳು ತಿಂಗಳು ತಡವಾಗಿ ಬಂತು. ಅಷ್ಟರಲ್ಲಿ ನನ್ನ ಜೊತೆ ಸೇರಿದ್ದ ಇಬ್ಬರು ಪಾಲಕಿಯರು ನೋಂದಣಿಯನ್ನೇ ಬಿಟ್ಟಿದ್ದರು. ನಾವು ಹಲವರು ಸೇರಿ ಮನವಿ ಕೊಟ್ಟ ಮೇಲೆ ಬದಲಿ ಪಾಲಕಿಯನ್ನು ಕಳುಹಿಸುವ ವ್ಯವಸ್ಥೆ ಬಂತು, ತರಬೇತಿಯ ಗಂಟೆಗಳಿಗೆ ಭತ್ಯೆಯೂ ಸೇರಿತು. ಗುಣಮಟ್ಟ ಬೇಕೆನ್ನುವ ಸರ್ಕಾರ ಪಾಲಕಿಯ ಸಮಯಕ್ಕೆ ಹಣ ಕೊಡದಿದ್ದರೆ ಆ ಬೇಡಿಕೆಯ ಭಾರವನ್ನು ಮಕ್ಕಳ ಸಮಯವೇ ಹೊರಬೇಕಾಗುತ್ತದೆ ಎಂದು ಆ ಮನವಿಯಲ್ಲಿ ಬರೆದಿದ್ದೆವು. ಇಂದಿಗೂ ಅದನ್ನೇ ಹೇಳುತ್ತೇನೆ.

ಮನೆಪಾಲಕಿಯರಿಗೆ ಮಾರ್ಗದರ್ಶನ, ತರಬೇತಿ ಇರಬೇಕೆಂದು ಕಾನೂನಿನಲ್ಲೇ ಬರೆದುಕೊಂಡ ದೇಶಗಳೂ ಇವೆ. ನ್ಯೂಜಿಲೆಂಡ್‌ನಲ್ಲಿ ಮನೆಪಾಲಕಿಗೆ ಗರಿಷ್ಠ ನಾಲ್ಕು ಮಕ್ಕಳು. ಅರ್ಹ ಶಿಕ್ಷಕರಾಗಿರುವ ಸಂಯೋಜಕರು ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗಬೇಕು. ದೊಡ್ಡ ಕೇಂದ್ರಗಳು ಅನುಸರಿಸುವ ‘ತೆ ಫಾರಿಕಿ’ ಎಂಬ ರಾಷ್ಟ್ರೀಯ ಪಠ್ಯಕ್ರಮವೇ ಮನೆಗಳಿಗೂ ಅನ್ವಯಿಸುತ್ತದೆ. ಫ್ರಾನ್ಸ್‌ನಲ್ಲಿ ಮನೆಪಾಲಕಿಯರಿಗೆ 120 ಗಂಟೆಗಳ ತರಬೇತಿ ಕಡ್ಡಾಯ, ಅದರಲ್ಲಿ 80 ಗಂಟೆ ಮೊದಲ ಮಗುವನ್ನು ಸ್ವೀಕರಿಸುವ ಮೊದಲೇ ಮುಗಿಯಬೇಕು; ಪಾಲಕಿಯರು ಮಕ್ಕಳೊಂದಿಗೆ ಬಂದು ಒಬ್ಬರನ್ನೊಬ್ಬರು ಕಂಡು ಮಾತನಾಡುವ ಸಾರ್ವಜನಿಕ ತಾಣಗಳೂ ಅಲ್ಲಿವೆ. ಮನೆಯಲ್ಲಿ ಒಬ್ಬಳೇ ಕೆಲಸ ಮಾಡುವವಳಿಗೆ ಆ ಕೊನೆಯದು ಎಷ್ಟು ದೊಡ್ಡ ಸಹಾಯವೆಂದು ಈ ಕೆಲಸ ಮಾಡಿದವರಿಗೇ ಗೊತ್ತು.

ಈಗ ಪ್ರತಿ ಮಗುವಿಗೂ ಒಂದೊಂದು ನೋಟ್‌ಪುಸ್ತಕವಿದೆ. ಮಕ್ಕಳು ಮಲಗಿದಾಗ ಅಂದು ಕಂಡ ಒಂದು ಸಂಗತಿಯನ್ನು ಮೂರು ಸಾಲಿನಲ್ಲಿ ಬರೆಯುತ್ತೇನೆ: ಮಗು ಏನು ಮಾಡಿತು, ಏನು ಹೇಳಿತು, ನಾಳೆ ನಾನು ಏನನ್ನು ಮುಂದಿಡಲಿ. ನಲ್ಲಿಯ ಬಳಿ ನಿಲ್ಲುತ್ತಿದ್ದ ಹುಡುಗ ಶಾಲೆಗೆ ಹೊರಟಾಗ ಅವನ ಪುಸ್ತಕದಿಂದ ಎರಡು ಪುಟಗಳ ಸಾರಾಂಶ ತಯಾರಿಸಿ, ಪೋಷಕರ ಒಪ್ಪಿಗೆ ಪಡೆದು, ಅವನ ಶಿಕ್ಷಕಿಗೆ ಕೊಟ್ಟೆ. ಅದರ ಮೊದಲ ಸಾಲಿನಲ್ಲಿ, ಅವನು ಉತ್ತರಿಸುವ ಮೊದಲು ಬಹಳ ಹೊತ್ತು ನೋಡುತ್ತಾನೆ, ದಯವಿಟ್ಟು ಕಾಯಿರಿ ಎಂದು ಬರೆದಿದ್ದೆ.