ಜನಗಣತಿಯಲ್ಲಿ ಕಾಣೆಯಾಗಿದ್ದ ಮುತ್ತಜ್ಜ ಸಿಕ್ಕಿದ್ದು ಹೀಗೆ

ತೊಂದರೆ ಇಷ್ಟು: ಮುತ್ತಜ್ಜನ ಮದುವೆ ದಾಖಲೆ ಇದೆ, ಮರಣ ದಾಖಲೆಯೂ ಇದೆ. ನಡುವಿನ ಎರಡು ಜನಗಣತಿಗಳಲ್ಲಿ ಮಾತ್ರ ಆಸಾಮಿಯೇ ಇಲ್ಲ.

ಹಳೆಯ ಜನಗಣತಿ ಪುಟಗಳನ್ನು ಹೆಸರಿನಿಂದ ಹುಡುಕುವ ಆನ್‌ಲೈನ್ ಸೂಚಿಯಲ್ಲಿ ಪೂರ್ತಿ ಹೆಸರು ಹಾಕಿದೆ, ಸಿಗಲಿಲ್ಲ. ಕಾಗುಣಿತ ಬದಲಿಸಿ ನೋಡಿದೆ, ಇಲ್ಲ. ಬೇರೆಯವರು ಹಾಕಿದ್ದ ವಂಶವೃಕ್ಷದಲ್ಲಿ ಅದೇ ಹೆಸರಿನವರು ಸಿಕ್ಕರು, ಆದರೆ ಹೆಂಡತಿ ಬೇರೆ. ಅದನ್ನು ನಂಬಿದ್ದರೆ ಸುಮ್ನೆ ಇನ್ನೊಬ್ಬರ ಮನೆತನ ಹೊತ್ತು ತಿರುಗಬೇಕಿತ್ತು. ಸೌಂಡೆಕ್ಸ್ ಕೂಡ ಕೈಕೊಟ್ಟಿತು. ಒಂದೇ ಥರ ಕೇಳಿಸುವ ಇಂಗ್ಲಿಷ್ ಹೆಸರುಗಳನ್ನು ಒಟ್ಟು ಸೇರಿಸುವ ಈ ಪದ್ಧತಿಗೆ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದು ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳುತ್ತದೆ. ನನ್ನ ತೊಂದರೆ ಇದ್ದದ್ದೇ ಆ ಮೊದಲ ಅಕ್ಷರದಲ್ಲಿ.

ಕೊನೆಗೆ ಮನೆತನದ ಹೆಸರಿನ ಜಾಗ ಪೂರ್ತಿ ಖಾಲಿ ಬಿಟ್ಟೆ. ಹುಡುಕಿದ್ದೂ ಮುತ್ತಜ್ಜನನ್ನಲ್ಲ, ಅವರ ಹಿರಿಯ ಮಗಳನ್ನು. ಮನೆಯಲ್ಲಿ ಎಲ್ಲರಿಗಿಂತ ಅಪರೂಪದ ಹೆಸರು ಅವರದ್ದು. ಹುಟ್ಟಿದ ವರ್ಷಕ್ಕೆ ಹಿಂದೆ ಮುಂದೆ 5 ವರ್ಷ ಕೊಟ್ಟೆ; ಆಗ ವಯಸ್ಸು ಹೇಳುತ್ತಿದ್ದದ್ದೇ ಅಂದಾಜಿನಲ್ಲಿ ಅಲ್ವಾ. ಜೊತೆಗೆ ತಾಯಿಯ ಹೆಸರು, ಜಿಲ್ಲೆ. ಊರು ಹಾಕಲಿಲ್ಲ. 14 ಫಲಿತಾಂಶ ಬಂದವು. ಒಂಬತ್ತನೆಯದರಲ್ಲಿ ಮಕ್ಕಳ ಹೆಸರು, ವಯಸ್ಸಿನ ಅಂತರ ಎಲ್ಲ ತಾಳೆಯಾಯಿತು.

ಮೂಲ ಪುಟದ ಚಿತ್ರ ತೆರೆದೆ. ಬರೆದವರು ಮನೆತನದ ಹೆಸರಿನ ಮೊದಲ ಅಕ್ಷರ ‘ಎಲ್’ಗೆ ಮೇಲೆ ದೊಡ್ಡ ಸುರುಳಿ ಹಾಕಿದ್ದರು. ಸೂಚಿ ಮಾಡಿದವರು ಅದನ್ನು ‘ಎಸ್’ ಅಂತ ಓದಿದ್ದರು.

ಎರಡನೇ ಜನಗಣತಿಗೆ ಇದೇ ಪುಟದ ಪಕ್ಕದ ಮನೆಯವರ ಹೆಸರು ಹಾಕಿದೆ. ಅವರ ಪುಟದಿಂದ ಎರಡು ಪುಟ ಮುಂದೆ ಮುತ್ತಜ್ಜ ಇದ್ದರು, ಈ ಸಲ ಇನ್ನೊಂದು ಕಾಗುಣಿತದಲ್ಲಿ.